ಅಪ್‌ಡೇಟ್: ಅದು ಸ್ಪಿನಿಫೆರೈಟಿಸ್ಸೇ

ಪುಣೆಯಿಂದ ಕೇಳಿದ್ದೆ: ಮುಳ್ಳಿರುವ ಈ ಡೈನೊಫ್ಲಾಜಲೇಟ್ ಸಿಸ್ಟ್ (ನೀರಲ್ಲಿರುವ ಸೂಕ್ಷ್ಮ ಏಕಕೋಶ ಜೀವಿಯ ಗಟ್ಟಿ ಗೋಡೆಯ ಸುಪ್ತ ಕೋಶ) ಯಾವ ಕುಲದ್ದು, ಸ್ಪಿನಿಫೆರೈಟಿಸ್ಸೋ, ಅಕೊಮೊಸ್ಫೇರಾವೋ? ಉತ್ತರಿಸಿದವರಿಗೆಲ್ಲ ತುಂಬಾ ಧನ್ಯವಾದ, ಗೊಂದಲ ಬಗೆಹರಿಯಿತು.

ಎರಡರಲ್ಲೂ ಕವಲೊಡೆದ ಮುಳ್ಳುಗಳು ಮುಖ್ಯವಾಗಿ ಫಲಕಗಳ (ಗೋಡೆಯ ವಿಭಾಗಗಳ) ಮೂಲೆಯಲ್ಲಿ ಏಳುತ್ತವೆ. ಸಿಸ್ಟ್‌ನ ನಡುವನ್ನು ಸುತ್ತುವ ಪಟ್ಟಿಯ ಮೇಲಿನ ಸಾಲಿನ ಮೂರನೆಯ ಫಲಕ ಕಳಚಿ ಆರ್ಕಿಯೋಪೈಲ್ (ಒಳಗಿನ ಕೋಶ ಹೊರಬರುವ ಕಿಂಡಿ) ಆಗುತ್ತದೆ. ಹಾಗಾಗಿ ಈ ಎರಡು ಲಕ್ಷಣಗಳನ್ನೇ ನೋಡುತ್ತ ಕೂತರೆ ಪ್ರಯೋಜನವಿಲ್ಲ. ಮುಳ್ಳಿನ ಬುಡಗಳನ್ನು ಸೇರಿಸುವ ಏಣು (ಗೋಡೆಯ ಮೇಲಿನ ಉಬ್ಬುಗೆರೆ) ಸ್ಪಿನಿಫೆರೈಟಿಸ್‌ಗೆ ಉಂಟು, ಅಕೊಮೊಸ್ಫೇರಾಕ್ಕೆ ಇಲ್ಲ.

ಮೊದಲ ಸ್ಲೈಡ್‌ನಲ್ಲಿ ಏಣು ಕಾಣದ್ದಕ್ಕೆ ಕಾರಣ, ನೈಟ್ರಿಕ್ ಆಮ್ಲದಲ್ಲಿ ಜಾಸ್ತಿ ಹೊತ್ತು ಬಿಟ್ಟು ಗೋಡೆ ಬಿಳಿಚಿಕೊಂಡದ್ದು. ಉಳಿದ ಮಾದರಿಗೆ ಆ ಆಮ್ಲ ತೋರಿಸದೆ ಸಫ್ರನಿನ್ ಬಣ್ಣ ಹಾಕಿ, 100ಎಕ್ಸ್ ಎಣ್ಣೆ ಲೆನ್ಸಿನಲ್ಲಿ ಫೋಕಸ್ ನಿಧಾನ ಇಳಿಸಿದಾಗ ಬುಡದಿಂದ ಬುಡಕ್ಕೆ ಕೂದಲೆಳೆಯಂಥ ಕೆಂಪು ಗೆರೆ ಸ್ಪಷ್ಟವಾಗಿ ಕಂಡಿತು!

ಪ್ರಭೇದದ ಹೆಸರು ಈಗಲೇ ಬೇಡ. ಮೊದಲು 20–30 ಸಿಸ್ಟ್‌ಗಳ ದೇಹದ ವ್ಯಾಸವನ್ನೂ ಮುಳ್ಳಿನ ಉದ್ದವನ್ನೂ ಬೇರೆ ಬೇರೆಯಾಗಿ ಅಳೆಯಬೇಕು.