ಮಗನಿಗೆ ಸೋತ ಪಾರ್ಟಿ ಸಿಕ್ಕಿತ್ತು

ಹೋದ ವಾರ ಇಲ್ಲಿ ಒಬ್ಬರು ಕೇಳಿದ್ದರಲ್ಲ, ಮಗಳಿಗೆ ಸ್ಕೂಲ್ ಡಿಬೇಟ್‌ನಲ್ಲಿ ಆಂಟಿ-ಫೆಡರಲಿಸ್ಟ್ ಕಡೆ (ಅಮೆರಿಕದ ಹೊಸ ಸಂವಿಧಾನವನ್ನು ವಿರೋಧಿಸಿದವರ ಕಡೆ) ಬಂದಿದೆ, ಏನು ಹೇಳಿಕೊಡೋದು ಅಂತ. ನಮ್ಮ ಮನೆಯಲ್ಲೂ ಇದೇ ಕಥೆ. ಎಂಟನೇ ಕ್ಲಾಸಿನ ಮಗ "ಸೋತ ಪಾರ್ಟಿ ನಂಗೇ ಯಾಕಮ್ಮಾ" ಅಂತ ಮುಖ ಊದಿಸಿಕೊಂಡು ಬಂದಿದ್ದ.

ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ. ಅಮೆರಿಕದ ಸಿಟಿಜನ್‌ಶಿಪ್ ಇಂಟರ್‌ವ್ಯೂಗೆ 100 ಪ್ರಶ್ನೆ ಬಾಯಿಪಾಠ ಮಾಡಿದ್ದೆ. ಸಂವಿಧಾನದ ಪರವಾಗಿ ಬಂದ ಲೇಖನಗಳು, ಅಂದರೆ ಫೆಡರಲಿಸ್ಟ್ ಪೇಪರ್ಸ್ ಬರೆದವರು ಯಾರು? ಮ್ಯಾಡಿಸನ್, ಹ್ಯಾಮಿಲ್ಟನ್, ಜೇ. ಅವರ ಎದುರು ನಿಂತವರ ಹೆಸರು ಯಾರೂ ಕೇಳಲಿಲ್ಲ.

ಆಮೇಲೆ ಇಬ್ಬರೂ ಕೂತು ಓದಿದೆವು. ಆಂಟಿ-ಫೆಡರಲಿಸ್ಟರ ಭಯ ಸುಮ್ನೆ ಅಲ್ಲ. ಆಗತಾನೇ ಬ್ರಿಟನ್ ರಾಜನ ಕೈಯಿಂದ ಬಿಡಿಸಿಕೊಂಡಿದ್ದರು. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಬಾಗಿಲು ಹಾಕಿಕೊಂಡು ಬರೆದ ಸಂವಿಧಾನ ತೆರಿಗೆ, ಸೈನ್ಯ ಎರಡನ್ನೂ ಕೇಂದ್ರದ ಕೈಗೆ ಕೊಡುತ್ತಿತ್ತು. ಇಡೀ ದೇಶಕ್ಕೆ ಕೆಳಮನೆಯಲ್ಲಿ 65 ಜನ. ರೈತನ ಕಷ್ಟ ಅಲ್ಲಿ ಯಾರಿಗೆ ಕೇಳಿಸುತ್ತೆ? ಮ್ಯಾಸಚೂಸೆಟ್ಸ್‌ನ ಏಮಸ್ ಸಿಂಗಲ್ಟರಿ, ಸಂವಿಧಾನ ಒಪ್ಪಬೇಕೋ ಬೇಡವೋ ಅಂತ ಆ ರಾಜ್ಯ ಸೇರಿಸಿದ ಸಭೆಯಲ್ಲಿ ಎದ್ದು ನಿಂತು ಹೇಳಿದ್ದು ಇದನ್ನೇ: ವಕೀಲರು, ಓದಿದವರು, ದುಡ್ಡಿದ್ದವರು ಸೇರಿ ನಮ್ಮಂಥ ಸಣ್ಣವರನ್ನು ಬೈಬಲ್ ಕಥೆಯಲ್ಲಿ ತಿಮಿಂಗಿಲ ಯೋನನನ್ನು ನುಂಗಿದ ಹಾಗೆ ನುಂಗುತ್ತಾರೆ. ಮಗ ತಿಮಿಂಗಿಲವನ್ನು ಹಿಡಿದುಕೊಂಡವನು ಬಿಡಲೇ ಇಲ್ಲ, ಪೋಸ್ಟರ್‌ನಲ್ಲೂ ಅದೇ ಚಿತ್ರ!

ವರ್ಜೀನಿಯಾದ ಜಾರ್ಜ್ ಮೇಸನ್ ಫಿಲಡೆಲ್ಫಿಯಾದಲ್ಲಿ ಕೊನೇ ದಿನದವರೆಗೂ ಇದ್ದು ಸಹಿ ಹಾಕಲಿಲ್ಲ. ಜನರ ಹಕ್ಕುಗಳ ಪಟ್ಟಿ ಎಲ್ಲಿ ಅಂತ ಅವರ ತಕರಾರು. ಒಂದು ಎಚ್ಚರಿಕೆ: ಸ್ವಾತಂತ್ರ್ಯದ ಬಗ್ಗೆ ಅಷ್ಟೆಲ್ಲ ಮಾತಾಡಿದ ಮೇಸನ್, ಇದೇ ಕಡೆಯ ಇನ್ನೊಬ್ಬ ವರ್ಜೀನಿಯಾ ನಾಯಕ ಪ್ಯಾಟ್ರಿಕ್ ಹೆನ್ರಿ ಇಬ್ಬರೂ ಗುಲಾಮರನ್ನು ಇಟ್ಟುಕೊಂಡಿದ್ದರು. ಎದುರು ಟೀಮ್ ಇದನ್ನು ಖಂಡಿತ ಎತ್ತುತ್ತೆ. ಮ್ಯಾಡಿಸನ್ ಕೂಡ ಹಾಗೇ ಇದ್ದರು ಅನ್ನೋದು ಡಿಬೇಟ್‌ಗೆ ಹೋಗೋ ಆ ಮಗಳಿಗೆ ಗೊತ್ತಿರಲಿ.

ಸಂವಿಧಾನ ಒಪ್ಪೋ ಬಗ್ಗೆ ರಾಜ್ಯಗಳ ಸಭೆಗಳಲ್ಲಿ ವೋಟ್ ಹಾಕಿದಾಗ, ಈ ಮೂರು ಕಡೆ ಅವರು ಸೋತಿದ್ದೂ ಕೂದಲೆಳೆಯಲ್ಲಿ. ಮ್ಯಾಸಚೂಸೆಟ್ಸ್‌ನಲ್ಲಿ 187-168, ವರ್ಜೀನಿಯಾದಲ್ಲಿ 89-79, ನ್ಯೂಯಾರ್ಕ್‌ನಲ್ಲಿ 30-27. ಮುಂದೆ ತಿದ್ದುಪಡಿ ಆಗುತ್ತೆ ಅನ್ನೋ ಭರವಸೆ ಇಲ್ಲದಿದ್ದರೆ ಸಂವಿಧಾನದ ಪರ ಇಷ್ಟು ವೋಟೂ ಸಿಗುತ್ತಿರಲಿಲ್ಲವೇನೋ. ಹಕ್ಕುಗಳ ಪಟ್ಟಿ ಬೇಕಾಗಿಲ್ಲ ಅನ್ನುತ್ತಿದ್ದ ಮ್ಯಾಡಿಸನ್ನೇ ಕೊನೆಗೆ ಅದನ್ನು ಕಾಂಗ್ರೆಸ್‌ಗೆ ತಂದರು. 1791ರಲ್ಲಿ ಹತ್ತು ತಿದ್ದುಪಡಿ ಜಾರಿಗೆ ಬಂದವು. ನಾವು ಇಂಟರ್‌ವ್ಯೂಗೆ ಉರು ಹೊಡೆದ ಬಿಲ್ ಆಫ್ ರೈಟ್ಸ್ ಅದೇ ಅಲ್ವಾ?

ಕ್ಲಾಸಲ್ಲಿ ವೋಟ್ ಹಾಕಿದಾಗ ಮಗನ ಟೀಮ್ 14-11ರಲ್ಲಿ ಸೋತಿತು. ಮನೆಗೆ ಬಂದು ಬ್ಯಾಗ್ ಎಸೆದು, "ಮೂರೇ ವೋಟಮ್ಮಾ, ನ್ಯೂಯಾರ್ಕ್ ಥರಾನೇ" ಅಂದ.