ಅಪ್‌ಡೇಟ್: ಇಪ್ಪತ್ತು ವರ್ಷ ಹಿಂದಕ್ಕೆ ಹೋಗಿದ್ದ ಕಾರಿನ ಗಡಿಯಾರ ಸರಿಹೋಯಿತು

ಕಾರಿನ ನ್ಯಾವಿಗೇಷನ್ ಯೂನಿಟ್‌ಗೆ ಹೊಸ ಮ್ಯಾಪ್ ಹಾಕಿದರೂ ಅದರ ಸ್ಕ್ರೀನ್ ಸುಮಾರು ಇಪ್ಪತ್ತು ವರ್ಷ ಹಿಂದಿನ ತಾರೀಖು ತೋರಿಸುತ್ತಿದೆ, ಆನ್‌ಲೈನ್ ಸೇವೆಗಳು ಲಾಗಿನ್ ಆಗುತ್ತಿಲ್ಲ ಎಂದು ಕೇಳಿದ್ದೆನಲ್ಲ, ಈಗ ಅವೆರಡೂ ಸರಿಯಾಗಿವೆ. ಬ್ಯಾಟರಿ ಬಿಚ್ಚಿ ಹಾಕಿ ಎಂದವರಿಗೆ ಧನ್ಯವಾದ; ಅದರಿಂದ ಸೇವ್ ಮಾಡಿದ್ದ ರೇಡಿಯೋ ಸ್ಟೇಷನ್‌ಗಳು ಅಳಿಸಿಹೋದವು ಅಷ್ಟೇ! ಜಿಪಿಎಸ್ ವಾರದ ಎಣಿಕೆ ನೋಡಿ ಎಂದವರ ಮಾತೇ ನಿಜವಾಯಿತು.

ಜಿಪಿಎಸ್‌ನ ಮೂಲ ಸಂಕೇತದಲ್ಲಿ ವಾರದ ಸಂಖ್ಯೆಗೆ (ತಾರೀಖು ಲೆಕ್ಕ ಹಾಕುವುದು ಇದರಿಂದಲೇ) ಇರುವುದು 10 ಬಿಟ್ ಮಾತ್ರ. ಅಂದರೆ 1023ನೇ ವಾರ ಮುಗಿದರೆ ಮತ್ತೆ 0, ಹಳೇ ಸ್ಕೂಟರಿನ ಮೀಟರ್ ಸುತ್ತು ಹೊಡೆದ ಹಾಗೆ. 1980ರ ಜನವರಿಯಿಂದ ಎಣಿಸಿದರೆ 1999ರ ಆಗಸ್ಟ್‌ನಲ್ಲಿ ಒಂದು ಸುತ್ತು, 2019ರ ಏಪ್ರಿಲ್‌ನಲ್ಲಿ ಇನ್ನೊಂದು. ಜಿಪಿಎಸ್ ಸಂಕೇತ ಹಿಡಿಯುವ ರಿಸೀವರ್ ಎಣಿಕೆಗೆ ತನ್ನದೇ ಆಧಾರ ತಾರೀಖು ಇಟ್ಟುಕೊಂಡಿದ್ದರೆ ಎಡವಟ್ಟು ಬೇರೆ ವರ್ಷದಲ್ಲೂ ಆಗಬಹುದು, ನನ್ನದರಲ್ಲಿ ಆಗಿದ್ದೂ ಅದೇ. ತಾರೀಖು ಹಿಂದಿದ್ದರೆ ಸರ್ವರ್‌ನ ಗುರುತು ಖಾತ್ರಿಪಡಿಸುವ ಡಿಜಿಟಲ್ ಪ್ರಮಾಣಪತ್ರ ಇನ್ನೂ ಜಾರಿಗೇ ಬಂದಿಲ್ಲ ಎಂದು ಯೂನಿಟ್ ತಿಳಿದು ಸಂಪರ್ಕ ನಿರಾಕರಿಸುತ್ತದೆ. ದಾರಿ ಮಾತ್ರ ಸರಿಯಾಗಿಯೇ ತೋರಿಸುತ್ತಿತ್ತು, ಅದೇ ತಲೆ ಕೆಡಿಸಿದ್ದು.

ಮ್ಯಾಪ್ ಫೈಲ್‌ನಿಂದ ರಸ್ತೆಗಳಷ್ಟೇ ಹೊಸದಾಗುತ್ತವೆ, ಇದಕ್ಕೆ ಬೇಕಿದ್ದದ್ದು ಫರ್ಮ್‌ವೇರ್ (ಯೂನಿಟ್ ನಡೆಸುವ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್; ಅದನ್ನು ಹಾಕಿದ ಮೇಲೆ ಸರಿಹೋಯಿತು. ಡೀಲರ್ ಇಡೀ ಯೂನಿಟ್ಟೇ ಬದಲಿಸಿ ಅಂದಿದ್ದರು, ಯಾಕೋ ಏನೋ. ಕಾರಿನ ಸ್ವಂತ ಸಂಪರ್ಕದಲ್ಲಿ ಲೈವ್ ಟ್ರಾಫಿಕ್ ಇನ್ನೂ ಬರುತ್ತಿಲ್ಲ: ಒಳಗಿರುವುದು 3ಜಿ ಮೋಡೆಮ್, ಆ ಹಳೇ ನೆಟ್‌ವರ್ಕ್ ಹಲವು ಕಡೆ ಮುಚ್ಚಿಹೋಗಿದೆ. ಸದ್ಯಕ್ಕೆ ಫೋನಿನ ಹಾಟ್‌ಸ್ಪಾಟ್‌ನಲ್ಲಿ ನಡೆಯುತ್ತಿದೆ.