ಜೊತೆಗೆ ಕೂತು ಹೆಣೆಯೋಕೆ ನಾಲ್ಕು ಜನ ಬೇಕು, ಹೇಗೆ ಸೇರಿಸೋದು? ಅನುಭವ ಇದ್ದವರು ಹೇಳಿ

ನಮಸ್ಕಾರ. ನಾನು ಮೈಸೂರಿನವಳು. ಹೈಸ್ಕೂಲ್ ಟೀಚರ್ ಆಗಿದ್ದು ಈ ವರ್ಷ ರಿಟೈರ್ ಆದೆ. ಅಮ್ಮ ಕಲಿಸಿದ ಹೆಣಿಗೆ ಇನ್ನೂ ಕೈಯಲ್ಲಿದೆ. ಸೀದಾ, ಉಲ್ಟಾ ಎರಡೂ ಬಗೆಯ ಹೆಣಿಗೆಯನ್ನು ಟಿವಿ ನೋಡುತ್ತಲೇ ಹಾಕುತ್ತೇನೆ. ಆದರೆ ಒಬ್ಬಳೇ ಕೂತರೆ ಯಾವುದೂ ಮುಗಿಯುವುದಿಲ್ಲ. ಬೀರುವಿನಲ್ಲಿ ತೋಳಿಲ್ಲದ ಮೂರು ಸ್ವೆಟರ್ ಇವೆ. ಸ್ಲೀವ್‌ಲೆಸ್ ಅಲ್ಲ, ತೋಳು ಹಾಕುವುದು ಬಾಕಿ! ವಾರಕ್ಕೊಂದು ದಿನ ನಮ್ಮ ಬೀದಿಯವರು ಸೇರಿ ಹೆಣೆದರೆ ಹೇಗೆ ಅಂತ ಯೋಚನೆ. ಎಲ್ಲಿ ಕೂರೋದು, ಹೊಸಬರಿಗೆ ಮೊದಲು ಏನು ಹಾಕಿಸೋದು, ದುಡ್ಡು ತೆಗೆದುಕೊಳ್ಳಬೇಕಾ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಉಲ್ಲನ್ ಉಂಡೆ, ಶಿವಮೊಗ್ಗ:

ಮೇಡಂ, ಆರು ವರ್ಷದಿಂದ ನಮ್ಮದೊಂದು ಗುರುವಾರದ ಗುಂಪಿದೆ. ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ನಾನು ಅದನ್ನು ಕ್ಲಾಸ್ ಥರ ಶುರು ಮಾಡಿದೆ. ಹನ್ನೊಂದು ಜನ ಬಂದರು. ಎಲ್ಲರಿಗೂ ಒಂದೇ ಡಿಸೈನ್, ಮುಂದಿನ ವಾರಕ್ಕೆ ಇಷ್ಟು ಸಾಲು ಆಗಿರಬೇಕು ಅಂದೆ. ನಾಲ್ಕನೇ ವಾರ ಬಂದಿದ್ದು ಇಬ್ಬರು. ಆಮೇಲೆ ತರಕಾರಿ ಅಂಗಡಿಯಲ್ಲಿ ಸಿಕ್ಕ ಒಬ್ಬರು ಮೆಲ್ಲಗೆ ಹೇಳಿದರು, "ಹೋಮ್‌ವರ್ಕ್ ಆಗಿರಲಿಲ್ಲ, ಅದಕ್ಕೆ ಬರಲಿಲ್ಲ." ಐವತ್ತು ದಾಟಿದ ಹೆಂಗಸು! ನೀವು ಟೀಚರ್ ಆಗಿದ್ದವರು, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಈಗ ನಮ್ಮಲ್ಲಿ ಕಲಿಸುವವರು ಅಂತ ಯಾರೂ ಇಲ್ಲ. ಆದರೆ ಕೆಟ್ಟಿದ್ದನ್ನು ಸರಿ ಮಾಡುವವರು ಒಬ್ಬರಿದ್ದಾರೆ. ನನ್ನ ಪ್ರಕಾರ ಗುಂಪು ನಿಂತಿರುವುದೇ ಅವರಿಂದ. ಹೊಸಬರ ಕಡ್ಡಿಯಿಂದ ಒಂದು ಕುಣಿಕೆ ಜಾರುತ್ತದೆ. ಅದು ಕಣ್ಣಿಗೆ ಬೀಳುವುದು ಐದಾರು ಸಾಲು ಆದ ಮೇಲೆ. ಅಷ್ಟು ಹೊತ್ತಿಗೆ ಏಣಿ ಇಟ್ಟ ಹಾಗೆ ಕೆಳಗಿನವರೆಗೆ ಬಿಟ್ಟುಕೊಂಡಿರುತ್ತದೆ. ಮನೆಯಲ್ಲಿ ಒಬ್ಬರೇ ಇದ್ದರೆ ಅವತ್ತೇ ಅದು ಚೀಲ ಸೇರಿತು, ಮತ್ತೆ ಹೊರಗೆ ಬರುವುದಿಲ್ಲ. ನಮ್ಮಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಅದನ್ನು ತೊಡೆ ಮೇಲೆ ಹರಡಿಕೊಳ್ಳುತ್ತಾರೆ. ಸೀದಾ ಕಡೆ ಮೇಲೆ ಬರಬೇಕು. ಕನ್ನಡಕದ ಡಬ್ಬಿಯಿಂದ ತುದಿಗೆ ಕೊಕ್ಕೆ ಇರುವ ಸಣ್ಣ ಕ್ರೋಷಾ ಕಡ್ಡಿ ತೆಗೆದು, ಕೆಳಗೆ ಸಿಕ್ಕಿರುವ ಕುಣಿಕೆಯೊಳಗೆ ಕೊಕ್ಕೆ ತೂರಿಸುತ್ತಾರೆ. ಅದರ ಮೇಲಿನ ಅಡ್ಡ ದಾರವನ್ನು ಹಿಡಿದು ಕುಣಿಕೆಯೊಳಗಿಂದ ಈಚೆಗೆ ಎಳೆಯುತ್ತಾರೆ. ಒಂದು ಮೆಟ್ಟಿಲು ಆಯಿತು. ಹಾಗೇ ಮೇಲೆ ಮೇಲೆ. ಕೊನೆಯ ಕುಣಿಕೆಯನ್ನು ಕಡ್ಡಿಗೆ ಹತ್ತಿಸಿ ವಾಪಸ್ ಕೊಡುತ್ತಾರೆ. ಎರಡು ನಿಮಿಷದ ಕೆಲಸ. ಬಾಯಲ್ಲಿ ಮಾತ್ರ ಪಕ್ಕದ ಮನೆ ಮದುವೆ ಸುದ್ದಿ ನಡೆದೇ ಇರುತ್ತದೆ. ನಿಮಗೆ ಹೆಣಿಗೆ ಚೆನ್ನಾಗಿ ಗೊತ್ತಿದೆ ಅಂತೀರಿ, ಅಂದರೆ ನಿಮ್ಮ ಬೀದಿಗೆ ಆ ಅಜ್ಜಿ ನೀವೇ.

ಹೊಸಬರಿಗೆ ಸ್ವೆಟರ್ ಬೇಡ. ದಪ್ಪ ದಾರ, 8 ನಂಬರ್ ಕಡ್ಡಿ, 20 ಕುಣಿಕೆ, ಎಲ್ಲಾ ಸಾಲೂ ಬರೀ ಸೀದಾ. ಅಂಗೈಯಗಲದ ಚೌಕ ಬರುತ್ತದೆ, ಅಂಚು ಸುತ್ತಿಕೊಳ್ಳುವುದಿಲ್ಲ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹಾಕಿಸಿದರೆ ಅದು ಮಸಾಲೆ ದೋಸೆ ಥರ ಸುರುಳಿ ಆಗುತ್ತದೆ. ಹೊಸಬರು ತಮ್ಮದೇ ತಪ್ಪು ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಆ ಹೆಣಿಗೆಯ ಗುಣವೇ ಹಾಗೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಬಣ್ಣ ತಿಳಿಯಾಗಿರಲಿ. ಕಪ್ಪು ಬೇಡವೇ ಬೇಡ, ಸಂಜೆ ಲೈಟಿನಲ್ಲಿ ಕುಣಿಕೆ ಕಾಣುವುದಿಲ್ಲ.

ರಿಟೈರ್ಡ್ ಹವಾಲ್ದಾರ್, ಹಾಸನ:

ಗಂಡಸರನ್ನೂ ಕರೆಯಿರಿ ಮೇಡಂ. ನಾನು ಕಲಿತದ್ದು ಹಿಮಾಚಲದಲ್ಲಿ ಪೋಸ್ಟಿಂಗ್ ಇದ್ದಾಗ. ಅಲ್ಲಿ ಹೆಂಗಸರು ಬಸ್ಸಿಗೆ ಕಾಯುತ್ತಾ, ದಾರಿಯಲ್ಲಿ ನಡೆಯುತ್ತಾ ಕೂಡ ಹೆಣೆಯುತ್ತಿರುತ್ತಾರೆ. ನಾನು ಹಿಡಿದಿದ್ದು ಸಿಗರೇಟ್ ಬಿಡೋಕೆ. ಎರಡೂ ಕೈಗೆ ಕೆಲಸ ಇದ್ದರೆ ಜೇಬಿಗೆ ಕೈ ಹೋಗುವುದಿಲ್ಲ, ಅಷ್ಟೇ ಲೆಕ್ಕ. ಊರಿಗೆ ಬಂದಾಗ ನಕ್ಕರು. ಈಗ ಚಳಿ ಶುರುವಾದರೆ ನಕ್ಕವರೇ ಮಫ್ಲರ್ ಕೇಳುತ್ತಾರೆ. ಹಿಂದೆ ಯುರೋಪಿನಲ್ಲಿ ಹೆಣಿಗೆಯವರ ಸಂಘಗಳಲ್ಲಿ ಇದ್ದವರು ಗಂಡಸರೇ ಅಂತ ಓದಿದ ಮೇಲೆ ನಾನಂತೂ ನಾಚಿಕೊಳ್ಳುವುದು ಬಿಟ್ಟೆ.

ಸೀದಾಉಲ್ಟಾ, ಬೆಂಗಳೂರು:

ಮೇಲಿನವರು 8 ನಂಬರ್ ಕಡ್ಡಿ ಅಂದರಲ್ವಾ, ಅಲ್ಲೇ ಒಂದು ಮಾತು. ನಮ್ಮ ಅಂಗಡಿಗಳಲ್ಲಿ ನಡೆಯುವುದು ಹಳೇ ಇಂಗ್ಲಿಷ್ ನಂಬರ್. 8 ಅಂದರೆ 4 ಮಿಲಿಮೀಟರ್. 10 ಅಂದರೆ 3.25, 12 ಅಂದರೆ 2.75. ನಂಬರ್ ಏರಿದ ಹಾಗೆ ಕಡ್ಡಿ ಸಣ್ಣ. ಅಮೆರಿಕದ ನಂಬರ್ ಇದಕ್ಕೆ ಪೂರ್ತಿ ಉಲ್ಟಾ, ಅವರ 8 ಅಂದರೆ 5 ಮಿಲಿಮೀಟರ್. ಗುಂಪಿನಲ್ಲಿ ಯಾರಾದರೂ ಒಬ್ಬರು ಯೂಟ್ಯೂಬ್ ನೋಡಿಕೊಂಡು ಬಂದೇ ಬರುತ್ತಾರೆ. ನಾನೂ ಹಾಗೇ ಬಂದವಳು. ಹುಟ್ಟಿದ ಮಗುವಿಗೆ ಅಂತ ಹಾಕಿದ ಕುಲಾವಿ ಅದರ ಎರಡು ವರ್ಷದ ಅಕ್ಕನ ತಲೆಗೆ ಸರಿಹೋಯಿತು! ಅದಕ್ಕೆ ಮಿಲಿಮೀಟರ್‌ನಲ್ಲೇ ಮಾತಾಡಿ. ಕ್ರೋಷಾದಲ್ಲೂ, ಅಂದರೆ ಒಂದೇ ಕೊಕ್ಕೆ ಕಡ್ಡಿಯ ಹೆಣಿಗೆಯಲ್ಲೂ, ಇದೇ ಗೋಳು. ಅಮೆರಿಕದವರು ಸಿಂಗಲ್ ಕ್ರೋಷಾ ಅನ್ನುವುದನ್ನೇ ಇಂಗ್ಲೆಂಡಿನವರು ಡಬಲ್ ಕ್ರೋಷಾ ಅನ್ನುತ್ತಾರೆ.

ಜಾಗದ ವಿಷಯ. ನಾವು ಮೊದಲು ಸರದಿಯಲ್ಲಿ ಒಬ್ಬೊಬ್ಬರ ಮನೆಯಲ್ಲಿ ಕೂತೆವು. ಮೊದಲ ಮನೆಯಲ್ಲಿ ಕಾಫಿ, ಎರಡನೇ ಮನೆಯಲ್ಲಿ ಕಾಫಿ ಜೊತೆ ಖಾರಾಭಾತ್, ಮೂರನೆಯವರು ಹೋಳಿಗೆ ಮಾಡಿದರು. ನಾಲ್ಕನೆಯವರು ಊರಲ್ಲಿಲ್ಲ ಅಂದುಬಿಟ್ಟರು. ಈಗ ಪಾರ್ಕಿನಲ್ಲಿ ಚಾಪೆ ಹಾಸುತ್ತೇವೆ, ಅವರವರ ಫ್ಲಾಸ್ಕ್ ಅವರವರದು. ಹೊರಗೆ ಕೂತರೆ ಇನ್ನೊಂದು ಲಾಭ, ವಾಕಿಂಗ್ ಬಂದವರು ನಿಂತು ನೋಡುತ್ತಾರೆ. ನಮ್ಮ ಅರ್ಧ ಜನ ಹಾಗೆ ಬಂದವರೇ.

ದಾರದ ಲೆಕ್ಕ, ಹುಬ್ಬಳ್ಳಿ:

ದುಡ್ಡಿನ ಬಗ್ಗೆ ನಾನು ಹೇಳುತ್ತೇನೆ, ಯಾಕಂದರೆ ನಮ್ಮ ಗುಂಪು ಒಡೆದದ್ದೇ ಅದರಿಂದ. ಎರಡು ವರ್ಷ ಚೆನ್ನಾಗಿತ್ತು. ಆಮೇಲೆ ಒಂದು ಅಂಗಡಿಯವರು ಮಕ್ಕಳ ಟೋಪಿ 40 ಬೇಕು ಅಂದರು. ಖುಷಿಯಿಂದ ಹಂಚಿಕೊಂಡೆವು. ಹೆಣೆಯುವಾಗ ಯಾರದ್ದು ಬಿಗಿ ಕೈ, ಯಾರದ್ದು ಸಡಿಲ ಕೈ ಅನ್ನುವುದು ಅಲ್ಲಿವರೆಗೆ ನಗುವ ವಿಷಯ ಆಗಿತ್ತು, ಅವತ್ತಿನಿಂದ ಜಗಳದ ವಿಷಯ ಆಯಿತು. ಸಡಿಲ ಕೈಯವರ ಟೋಪಿ ವಾಪಸ್ ಬಂದವು. ರೊಕ್ಕ ಬಂದಿದ್ದು ಐದು ತಿಂಗಳ ಮೇಲೆ. ದಾರದ ಖರ್ಚು ಕಳೆದರೆ ಒಂದು ಟೋಪಿಗೆ 30 ರೂಪಾಯಿ ಉಳಿಯಿತು. ಒಂದು ಟೋಪಿಗೆ ನಾನು ಎರಡು ಸಂಜೆ ಕೂತಿದ್ದೆ.

ಮಾರುವುದು ತಪ್ಪಲ್ಲ. ಮಾರುವವರು ಬೇರೆ ಕೂಡಲಿ, ಬೇರೆ ದಿನ. ನಮ್ಮ ಅವ್ವ ಕೌದಿ ಹೊಲಿಯುವಾಗ ಓಣಿಯ ಹೆಂಗಸರು ಬಂದು ನಾಲ್ಕೂ ಬದಿಗೆ ಕೂತು ಕೈ ಹಚ್ಚುತ್ತಿದ್ದರು. ಯಾರೂ ಕೂಲಿ ಕೇಳಲಿಲ್ಲ, ನಾಳೆ ಅವರ ಮನೆ ಕೌದಿಗೆ ಅವ್ವ ಹೋಗುತ್ತಿದ್ದಳು. ಆ ಲೆಕ್ಕ ನನಗೆ ತಡವಾಗಿ ತಿಳಿಯಿತು. ಈಗ ಐದು ಜನ ಮತ್ತೆ ಸೇರುತ್ತಿದ್ದೇವೆ. ಒಂದು ಡಬ್ಬಿ ಇಟ್ಟಿದ್ದೇವೆ, ಕೈಲಾದಷ್ಟು ಹಾಕುತ್ತಾರೆ, ಹೊಸಬರಿಗೆ ಕಡ್ಡಿ ಅದರಿಂದಲೇ.

ಮಂಗಳೂರು ಟು ಲೀಡ್ಸ್:

ಇಂಗ್ಲೆಂಡಿನಲ್ಲಿ ಲೈಬ್ರರಿಗಳಲ್ಲೇ ಇಂಥ ಗುಂಪು ಇರುತ್ತವೆ, "ನಿಟ್ ಅಂಡ್ ನ್ಯಾಟರ್" ಅನ್ನುತ್ತಾರೆ. ಹೆಣಿಗೆ ಮತ್ತು ಹರಟೆ ಅಂತ. ನಾನು ಇಲ್ಲಿ ಬಂದ ಹೊಸತರಲ್ಲಿ ಇಂಗ್ಲಿಷ್ ಮಾತಾಡೋಕೆ ಹೆದರುತ್ತಿದ್ದೆ. ಕೈಯಲ್ಲಿ ಕಡ್ಡಿ ಇದ್ದರೆ ಸುಮ್ನೆ ಕೂತರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಎರಡು ತಿಂಗಳು ಹಾಗೇ ಸುಮ್ನೆ ಕೂತೆ. ನಿಮ್ಮಲ್ಲೂ ಅಂಥವರು ಬಂದರೆ ಮಾತಾಡಿಸಲೇಬೇಕು ಅಂತ ಇಲ್ಲ.

ಶುರು ಮಾಡೋಕೆ ನೆಪ ಬೇಕಿದ್ದರೆ ಜೂನ್ ಎರಡನೇ ಶನಿವಾರ ಇದೆ. 2005ರಿಂದ ಬೇರೆ ಬೇರೆ ದೇಶಗಳಲ್ಲಿ ಹೆಣೆಯುವವರು ಅವತ್ತು ಹೊರಗೆ ಬಂದು ಎಲ್ಲರೆದುರು ಕೂತು ಹೆಣೆಯುತ್ತಾರೆ. ಇನ್ನು ಹೊಸಬರು ಹಾಕಿದ ಆ ಚೌಕಗಳನ್ನು ಎಸೆಯಬೇಡಿ. 2016ರ ಜನವರಿಯಲ್ಲಿ ಚೆನ್ನೈನಲ್ಲಿ ಸಾವಿರಾರು ತುಂಡು ಜೋಡಿಸಿ 11,148.5 ಚದರ ಮೀಟರಿನ ಕ್ರೋಷಾ ಹೊದಿಕೆ ಮಾಡಿ ಗಿನ್ನೆಸ್ ದಾಖಲೆ ಬರೆದರು. ನಮಗೆ ಅಷ್ಟೆಲ್ಲ ಬೇಡ, 48 ಚೌಕ ಆದರೆ ಒಂದು ಮಗುವಿನ ಹೊದಿಕೆ. ಆಸ್ಪತ್ರೆಗೆ ಕೊಡುವ ಮನಸ್ಸಿದ್ದರೆ ಮೊದಲೇ ಕೇಳಿ. ನಾವು ಒಮ್ಮೆ ಕೇಳದೆ 25 ಕುಲಾವಿ ಹೊತ್ತುಕೊಂಡು ಹೋದೆವು. ಗುಂಡಿ, ಲಾಡಿ ಇರುವುದನ್ನೆಲ್ಲ ನರ್ಸ್ ಪಕ್ಕಕ್ಕೆ ಇಟ್ಟರು. ಮೆತ್ತಗೆ, ಒಗೆಯುವ ಹಾಗೆ, ಎಲ್ಲೂ ನೇತಾಡುವ ದಾರ ಇಲ್ಲದ ಹಾಗೆ ಇರಬೇಕು.

ಪ್ರಶ್ನೆ ಕೇಳಿದವರು, ಮೈಸೂರು:

ಎಲ್ಲರಿಗೂ ಥ್ಯಾಂಕ್ಸ್. ಮೊನ್ನೆ ಭಾನುವಾರ ಪಾರ್ಕಿನಲ್ಲಿ ಕೂತೆವು. ಮೂರು ಜನ ಬಂದರು. ಇಬ್ಬರು 20 ಕುಣಿಕೆ ಹಾಕಿದರು. ಒಬ್ಬರದು ಸಾಲು ಮುಗಿಯುವಷ್ಟರಲ್ಲಿ 23 ಆಗಿತ್ತು, ಎಲ್ಲಿಂದ ಬಂತೋ! ಬಾಯಿಗೆ ಬಂದ ಪಾಠ ನುಂಗಿಕೊಂಡು ಸುಮ್ನೆ ಬಿಚ್ಚಿಕೊಟ್ಟೆ. ಮೂರನೆಯವರು ಕಡ್ಡಿ ಹಿಡಿಯಲೇ ಇಲ್ಲ, "ನನಗೆ ಇದೆಲ್ಲ ಬರಲ್ಲ" ಅಂತ ನನ್ನ ದಾರದ ಲಡಿಯನ್ನು ಎರಡೂ ಕೈಗೆ ಹಾಕಿಕೊಂಡು ಕೂತರು, ನಾನು ಉಂಡೆ ಸುತ್ತಿದೆ. ಮನೆಯಲ್ಲಿ ಈ ಕೆಲಸಕ್ಕೆ ಕುರ್ಚಿ ಬೆನ್ನಿಗೆ ಸಿಕ್ಕಿಸುತ್ತಿದ್ದೆ. ಅವರು ಮುಂದಿನ ವಾರ ಎಷ್ಟು ಗಂಟೆಗೆ ಅಂತ ಕೇಳಿ ಹೋದರು. ಒಂದು ಸ್ವೆಟರಿನ ಎಡತೋಳು ಮೊಣಕೈ ತನಕ ಬಂದಿದೆ.